ಅಪ್ಪ ನಗದೆ ಕೂತ ಎಪಿಸೋಡ್

ಕಳೆದ ಬೇಸಿಗೆಯಲ್ಲಿ ಬೀದರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಆದ ಮೇಲೆ ಅಪ್ಪನ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ ಜಸ್ಪಾಲ್ ಭಟ್ಟಿಯ ಹಳೆಯ ದೂರದರ್ಶನ ಹಾಸ್ಯ ಧಾರಾವಾಹಿ 'ಫ್ಲಾಪ್ ಶೋ' ಹಾಕಿ ಕೊಟ್ಟೆ. ಅಪ್ಪನಿಗೆ ಈಗ 79. ಕಿವಿ ಸ್ವಲ್ಪ ಮಂದ, ಸೌಂಡ್ ಪೂರ್ತಿ ಏರಿಸಬೇಕು. ಮೊದಲು ಸರ್ಕಾರಿ ಮೀಟಿಂಗಿನ ಎಪಿಸೋಡ್ ಬಂತು. ಅಪ್ಪ ಕಣ್ಣಲ್ಲಿ ನೀರು ಬರೋವರೆಗೆ ನಕ್ಕರು. ಆಮೇಲೆ ಪಿಎಚ್‌ಡಿ ಗೈಡ್ ಕಥೆ. ಅದಕ್ಕೂ ನಕ್ಕರು. ಮೂರನೆಯದು ಮೆಡಿಕಲ್ ಬಿಲ್ಲಿನದು. ಅದು ಶುರುವಾದ ಕೂಡಲೇ ಅಪ್ಪನ ಮುಖ ಬದಲಾಯಿತು. ಕೊನೆವರೆಗೂ ನೋಡಿದರು, ಆದರೆ ಒಂದು ಸಲವೂ ನಗಲಿಲ್ಲ.

1989ರಲ್ಲೂ ಅಪ್ಪ ಇದಕ್ಕೆ ನಕ್ಕಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ. ಓಣಿಯ ಹತ್ತು ಹನ್ನೆರಡು ಜನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಗುತ್ತಿದ್ದರೆ ಅಪ್ಪ ಮಾತ್ರ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತದ್ದು ನೆನಪಿದೆ. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಈ ಪೋಸ್ಟ್ ಜಸ್ಪಾಲ್ ಭಟ್ಟಿ ಬಗ್ಗೆ. ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದೆ. ನಮ್ಮ ವಯಸ್ಸಿನವರಿಗೆ ಹೆಸರು ಹೇಳಿದರೆ ಸಾಕು, ಮುಖ ಕಣ್ಣ ಮುಂದೆ ಬರುತ್ತೆ. ಪೇಟ, ಗಡ್ಡ, ಸ್ವಲ್ಪವೂ ಏರಿಳಿತ ಇಲ್ಲದ ದನಿ. ತಾವು ತಮಾಷೆ ಮಾಡುತ್ತಿದ್ದೇವೆ ಅಂತ ತಮಗೇ ಗೊತ್ತಿಲ್ಲವೇನೋ ಅನ್ನೋ ಹಾಗೆ ಇರೋ ಮುಖ. ಈಗಿನ ಹುಡುಗರಿಗೆ ಹೇಳಿದರೆ, 'ಫನಾ' ಸಿನಿಮಾದಲ್ಲಿ ಜಾಲಿ ಗುಡ್ ಸಿಂಗ್ ಅಂತ ಒಬ್ಬ ಸರ್ದಾರ್ ಇದ್ದರಲ್ವಾ, ಅವರಾ ಅಂತಾರೆ. ಹೌದು, ಅವರೇ. ಆದರೆ ಅಷ್ಟೇ ಗೊತ್ತಿದ್ದರೆ ನನಗೆ ಸಂಕಟ ಆಗುತ್ತೆ.

ಭಟ್ಟಿ ಹುಟ್ಟಿದ್ದು ಅಮೃತಸರದಲ್ಲಿ, 1955ರ ಮಾರ್ಚ್ 3ರಂದು. ಓದಿದ್ದು ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಎಲೆಕ್ಟ್ರಿಕಲ್. ಕಾಲೇಜಿನಲ್ಲಿ ಇದ್ದಾಗಲೇ ಗೆಳೆಯರನ್ನು ಸೇರಿಸಿ 'ನಾನ್‌ಸೆನ್ಸ್ ಕ್ಲಬ್' ಅಂತ ಕಟ್ಟಿಕೊಂಡು ಬೀದಿಯಲ್ಲಿ ಸಣ್ಣ ಸಣ್ಣ ನಾಟಕ ಮಾಡುತ್ತಿದ್ದರು. ಲಂಚ, ಸಿಫಾರಸು, ಕಚೇರಿಗಳ ಸೋಮಾರಿತನ, ಇವೇ ವಿಷಯ. ಟಿವಿಗೆ ಬರೋ ಮುಂಚೆ ಚಂಡೀಗಢದ 'ದಿ ಟ್ರಿಬ್ಯೂನ್' ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಈ ವ್ಯಂಗ್ಯಚಿತ್ರದ ಅಭ್ಯಾಸ ಅವರ ಟಿವಿ ಕೆಲಸದಲ್ಲಿ ಎದ್ದು ಕಾಣುತ್ತೆ. ಗಮನಿಸಿ ನೋಡಿ, ಅವರ ಎಪಿಸೋಡುಗಳಲ್ಲಿ ಒಂದು ಕೋಣೆ, ಒಂದು ಟೇಬಲ್ಲು, ಎದುರು ಬದುರು ಇಬ್ಬರು ಮೂವರು ಇದ್ದರೆ ಮುಗೀತು. ಚೌಕಟ್ಟಿನೊಳಗೆ ಎಷ್ಟು ಹಿಡಿಯುತ್ತೋ ಅಷ್ಟೇ ಕಥೆ.

ಚಂಡೀಗಢದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಒಂದೇ ಊರು, ಆದರೆ ಪಂಜಾಬಿಗೂ ರಾಜಧಾನಿ, ಹರಿಯಾಣಕ್ಕೂ ರಾಜಧಾನಿ, ಅದರ ಮೇಲೆ ಸ್ವತಃ ಕೇಂದ್ರಾಡಳಿತ ಪ್ರದೇಶ. ಅಂದರೆ ಒಂದೂರಿನಲ್ಲಿ ಮೂರು ಸರ್ಕಾರದ ಕಚೇರಿಗಳು. ಎಷ್ಟು ಫೈಲು, ಎಷ್ಟು ಸಾಹೇಬರು, ಎಷ್ಟು ಸರ್ಕಾರಿ ಕ್ವಾರ್ಟರ್ಸ್, ಆಗ ಎಷ್ಟು ಕೆಂಪು ದೀಪದ ಕಾರು ಅಂತ ಯೋಚನೆ ಮಾಡಿ. ಕಚೇರಿಯನ್ನು ಗೇಲಿ ಮಾಡೋ ಮನುಷ್ಯನಿಗೆ ಇದಕ್ಕಿಂತ ಒಳ್ಳೆ ಊರು ದೇಶದಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತೆ. ಕೊನೆವರೆಗೂ ಅವರು ಮುಂಬೈಗೆ ಮನೆ ಬದಲಿಸದೆ ಆ ಕಡೆಯೇ ಉಳಿದರು.

ಮೊದಲು ಜನ ಅವರನ್ನು ನೋಡಿದ್ದು 'ಉಲ್ಟಾ ಪುಲ್ಟಾ'ದಲ್ಲಿ. ದೂರದರ್ಶನದ ಬೆಳಗಿನ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ತುಣುಕುಗಳು. ಕೆಲವೇ ನಿಮಿಷ. ನಾನು ಸ್ಕೂಲಿಗೆ ಹೋಗೋ ಗಡಿಬಿಡಿಯಲ್ಲಿ ಬೂಟಿನ ಲೇಸ್ ಕಟ್ಟಿಕೊಳ್ಳುತ್ತಾ ಅರ್ಧಂಬರ್ಧ ನೋಡಿದವುಗಳೇ ಜಾಸ್ತಿ.

1989ರಲ್ಲಿ ಬಂದದ್ದು 'ಫ್ಲಾಪ್ ಶೋ'. ಒಟ್ಟು ಹತ್ತೇ ಎಪಿಸೋಡು. ಹೌದು, ಹತ್ತೇ. ನೂರಾರು ಎಪಿಸೋಡಿನ ಧಾರಾವಾಹಿಗಳ ಹೆಸರನ್ನೇ ಮರೆತ ಜನ ಈ ಹತ್ತನ್ನು ಮೂವತ್ತೈದು ವರ್ಷದ ಮೇಲೂ ಸೀನ್ ಸಮೇತ ಹೇಳುತ್ತಾರೆ. ನಿರ್ದೇಶನ ಭಟ್ಟಿಯದು, ನಿರ್ಮಾಪಕಿ ಅವರ ಹೆಂಡತಿ ಸವಿತಾ ಭಟ್ಟಿ. ಸವಿತಾ ನಟಿಸಿದ್ದೂ ಇದೆ, ತೆರೆಯ ಮೇಲೂ ಹೆಚ್ಚಾಗಿ ಹೆಂಡತಿಯಾಗಿಯೇ. ಜೊತೆಗೆ ವಿವೇಕ್ ಶೌಕ್ ಅನ್ನೋ ಚುರುಕು ನಟ. ಖರ್ಚು ಬಹಳ ಕಮ್ಮಿ, ಅದು ಪರದೆಯ ಮೇಲೆ ಕಾಣುತ್ತೆ ಕೂಡ. ಗೋಡೆ ಬರಿದು, ಕುರ್ಚಿ ಯಾರದ್ದೋ ಮನೆಯದ್ದು ಅನ್ನೋ ಹಾಗಿದೆ. ಅದರಿಂದ ಒಳ್ಳೆಯದೇ ಆಯಿತು. ನಮ್ಮಪ್ಪನ ಆಫೀಸೂ ಹಾಗೇ ಇತ್ತು.

ಪ್ರತಿ ಎಪಿಸೋಡಿನ ಶುರುವಿನಲ್ಲಿ ಒಂದು ಅರ್ಪಣೆ. ಈ ಕಂತು ಇಂಥವರಿಗೆ ಸಮರ್ಪಣೆ ಅಂತ ಗಂಭೀರವಾಗಿ ಹೇಳುತ್ತಿದ್ದರು. ಆ ಇಂಥವರು ಯಾರು ಅಂದರೆ, ಆವತ್ತಿನ ಕಥೆಯಲ್ಲಿ ಯಾರ ಬಣ್ಣ ಬಯಲಾಗಬೇಕೋ ಅವರೇ. ಕೊನೆಯಲ್ಲಿ ಒಂದು ಹಾಡು. ಎಲ್ಲರಿಗೂ ಬಾಯಿಪಾಠ ಇರೋ ಹಿಂದಿ ಸಿನಿಮಾ ಹಾಡಿನ ಧಾಟಿ, ಮಾತು ಮಾತ್ರ ಬೇರೆ. ಕಲಾವಿದರ, ತಂತ್ರಜ್ಞರ ಹೆಸರು ಬರುವಾಗಲೂ ಅವರ ಮೇಲೇ ಒಂದೊಂದು ಚಟಾಕಿ. ನಾವು ಮಕ್ಕಳು ಆ ಹಾಡಿಗೆ ಕಾಯುತ್ತಿದ್ದೆವು. ಮರುದಿನ ಶಾಲೆಯಲ್ಲಿ ಅದನ್ನೇ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹಾಡಿಕೊಂಡು ತಿರುಗುತ್ತಿದ್ದೆವು. ಬೀದರಿನವರಿಗೆ ಹಿಂದಿ ತೊಂದರೆ ಇರಲಿಲ್ಲ, ಓಣಿಯಲ್ಲಿ ಅರ್ಧ ಮಾತು ದಖ್ಖನಿ ಉರ್ದುವೇ. ಹಾಸನ, ಮಂಡ್ಯದ ಕಡೆಯ ನನ್ನ ಗೆಳೆಯರು ಆಗ ಏನೂ ಅರ್ಥ ಆಗದೆ ಮುಖ ನೋಡಿಯೇ ನಗುತ್ತಿದ್ದೆವು ಅಂತಾರೆ.

ವಿಷಯಗಳನ್ನು ನೋಡಿ. ಮೀಟಿಂಗ್ ಕರೆದು ಚಾ ಬಿಸ್ಕತ್ತು ಮುಗಿಸಿ ಮುಂದಿನ ಮೀಟಿಂಗಿಗೆ ದಿನ ಗೊತ್ತು ಮಾಡೋ ಅಧಿಕಾರಿಗಳು. ಸಂಶೋಧನೆ ಮಾಡಲು ಬಂದ ಹುಡುಗನಿಂದ ಮನೆಗೆಲಸ ಮಾಡಿಸಿಕೊಳ್ಳೋ ಗೈಡ್. ಕಟ್ಟಿದ್ದು ನಿಲ್ಲುತ್ತೋ ಇಲ್ಲವೋ ಅನ್ನೋ ಚಿಂತೆಯೇ ಇಲ್ಲದ ಕಂಟ್ರಾಕ್ಟರ್. ರೋಗಿಗಿಂತ ಬೇರೆ ಎಲ್ಲದರ ಕಡೆ ಗಮನ ಇರೋ ಡಾಕ್ಟರ್. ಸತ್ತು ಬಿದ್ದಿರೋ ಟೆಲಿಫೋನ್. ಇಲ್ಲದ ಕಾಯಿಲೆಗೆ ಮೆಡಿಕಲ್ ಬಿಲ್ಲು ಹಾಕಿ ಸರ್ಕಾರದಿಂದ ದುಡ್ಡು ತಗೊಳ್ಳೋ ನೌಕರರು.

ಟೆಲಿಫೋನಿನದು ಈಗಿನವರಿಗೆ ಅರ್ಥ ಆಗೋದು ಕಷ್ಟ. 1991ರ ಹೊತ್ತಿಗೂ ಇಡೀ ದೇಶದಲ್ಲಿ ಇದ್ದದ್ದು ಸುಮಾರು 50 ಲಕ್ಷ ಫೋನ್ ಲೈನ್. ಜನಸಂಖ್ಯೆ 84 ಕೋಟಿ ದಾಟಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಕೊನೆಗೆ ಫೋನ್ ಬಂದರೂ ಅದಕ್ಕೆ ಜೀವ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಲೈನ್‌ಮ್ಯಾನ್ ಬಂದರೆ ಅವನಿಗೆ ಮನೆ ಅಳಿಯನ ಮರ್ಯಾದೆ. ನಮ್ಮ ಓಣಿಯಲ್ಲಿ ಫೋನ್ ಇದ್ದ ಮನೆ ಒಂದೇ. ಆ ಮನೆಯವರು ಆ ಎಪಿಸೋಡ್ ನೋಡಿ ಎಲ್ಲರಿಗಿಂತ ಜಾಸ್ತಿ ನಕ್ಕರು, ಯಾಕಂದರೆ ಅವರ ಫೋನು ಆವತ್ತೂ ಡೆಡ್ ಆಗಿತ್ತು.

ಭಟ್ಟಿ ರಾಜಕೀಯ ವಿಡಂಬನಕಾರರೇ ಅಲ್ಲ, ಅವರು ಯಾವ ಮಂತ್ರಿಯ ಹೆಸರೂ ಎತ್ತಲಿಲ್ಲ, ಸುಮ್ನೆ ಗುಮಾಸ್ತರ ಮೇಲೆ, ಮೇಷ್ಟ್ರ ಮೇಲೆ ಜೋಕು ಮಾಡಿದರು ಅಂತ ಕೆಲವರು ಹೇಳೋದನ್ನು ಕೇಳಿದ್ದೇನೆ. ನಾನು ಇದನ್ನು ಒಪ್ಪಲ್ಲ.

ಆಗ ಮನೆ ಮನೆಗೆ ಬರುತ್ತಿದ್ದ ಚಾನೆಲ್ಲು ಒಂದೇ, ಅದೂ ಸರ್ಕಾರದ್ದು. ದೂರದರ್ಶನ ನೇರವಾಗಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೈಯಲ್ಲಿತ್ತು. ದೂರದರ್ಶನಕ್ಕೆ ಸ್ವಾಯತ್ತತೆ ಕೊಡೋ ಪ್ರಸಾರ ಭಾರತಿ ಕಾಯ್ದೆ ಪಾಸಾಗಿದ್ದು 1990ರಲ್ಲಿ, ಜಾರಿಗೆ ಬರೋಕೆ 1997 ಆಯಿತು. ಅಂದರೆ ಭಟ್ಟಿ ಕೆಲಸ ಮಾಡಿದ್ದು ಯಾರನ್ನು ಟೀಕಿಸಬೇಕೋ ಅವರದ್ದೇ ಮನೆಯ ಪಡಸಾಲೆಯಲ್ಲಿ ನಿಂತು. ಫಿರಂಗಿ ಖರೀದಿಯಲ್ಲಿ ಲಂಚ ಅನ್ನೋ ಬೊಫೋರ್ಸ್ ಗಲಾಟೆ ಊರೆಲ್ಲ ತುಂಬಿದ್ದ ವರ್ಷ ಅದು, ನವೆಂಬರಿನಲ್ಲಿ ಲೋಕಸಭಾ ಚುನಾವಣೆ, ಸರ್ಕಾರವೇ ಬದಲಾಯಿತು. ಅಂಥ ಹೊತ್ತಿನಲ್ಲಿ ಮಂತ್ರಿಯ ಹೆಸರು ಹಿಡಿದು ಜೋಕು ಮಾಡಿದ್ದರೆ ಅದು ಪ್ರಸಾರ ಆಗುವ ಮಾತೇ ಇರಲಿಲ್ಲ. ಭಟ್ಟಿ ಬೇರೆ ದಾರಿ ಹಿಡಿದರು. ಸರ್ಕಾರ ಅನ್ನೋದು ಸಾಮಾನ್ಯ ಮನುಷ್ಯನಿಗೆ ಎಲ್ಲಿ ಸಿಗುತ್ತೆ? ದಿಲ್ಲಿಯಲ್ಲಿ ಸಿಗಲ್ಲ. ಕೌಂಟರಿನಲ್ಲಿ ಸಿಗುತ್ತೆ. ಟಪ್ಪಾಲು ತಗೊಳ್ಳೋ ಟೇಬಲ್ಲಿನಲ್ಲಿ ಸಿಗುತ್ತೆ. 'ಸಾಹೇಬರು ಸೀಟಲ್ಲಿಲ್ಲ, ನಾಳೆ ಬಾ' ಅನ್ನೋ ಜವಾನನ ಬಾಯಲ್ಲಿ ಸಿಗುತ್ತೆ. ಭಟ್ಟಿ ಕ್ಯಾಮೆರಾ ಇಟ್ಟಿದ್ದು ಅಲ್ಲಿ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ರಾಜಕೀಯ ಇನ್ನೊಂದಿಲ್ಲ. ಆ ಮಂತ್ರಿಗಳು ಹೋದರು, ಅವರ ಮೇಲಿನ ಜೋಕುಗಳೂ ಹೋದವು. ಆ ಟೇಬಲ್ಲು ಇನ್ನೂ ಅಲ್ಲೇ ಇದೆ. ಈಗ ಅದರ ಮೇಲೆ ಕಂಪ್ಯೂಟರ್ ಬಂದಿದೆ, 'ಸರ್ವರ್ ಡೌನ್' ಅಂತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ನಾನು ದೊಡ್ಡವನಾದ ಮೇಲೆ ಗಮನಿಸಿದೆ. ಎಷ್ಟೋ ಎಪಿಸೋಡುಗಳಲ್ಲಿ ತಪ್ಪು ಮಾಡೋ ಮನುಷ್ಯನ ಪಾತ್ರವನ್ನು ಭಟ್ಟಿಯೇ ಮಾಡಿದ್ದಾರೆ. ತಾವು ಪಕ್ಕದಲ್ಲಿ ನಿಂತು 'ನೋಡಿ ಇವರು ಎಂಥ ಕಳ್ಳರು' ಅಂತ ಬೆರಳು ತೋರಿಸಲಿಲ್ಲ. ಕಳ್ಳನ ಕುರ್ಚಿಯಲ್ಲಿ ತಾವೇ ಕೂತರು. ಕೂತು ಒಂದು ಚೂರೂ ನಾಚಿಕೆ ಇಲ್ಲದೆ, ಬಹಳ ಸಭ್ಯವಾಗಿ, ಶಾಂತವಾಗಿ ಆ ಕೆಲಸ ಮಾಡಿ ತೋರಿಸಿದರು. ಯಾವ ಮೀಸೆ ತಿರುವೋ ಖಳನಾಯಕನೂ ಅಲ್ಲಿಲ್ಲ. ಮಕ್ಕಳ ಫೀಸು ಕಟ್ಟೋ, ಸಂಜೆ ಕೈಚೀಲ ಹಿಡಿದು ತರಕಾರಿ ತರೋ, ನಮ್ಮ ನಿಮ್ಮ ಥರದ ಮನುಷ್ಯರು. ನೋಡುವವನು ಮೊದಲು ನಗುತ್ತಾನೆ. ಅರ್ಧ ನಗುವಾಗ ಎದೆಯಲ್ಲಿ ಏನೋ ಚುಚ್ಚುತ್ತೆ.

ಈಗ ಒಂದು ಸೂಕ್ಷ್ಮ ವಿಷಯ. ಬೇರೆ ಊರಿನವರಿಗೆ ಇದು ಹೊಳೆಯದೇ ಇರಬಹುದು. ಬೀದರಿನವನಾಗಿ ನಾನು ಹೇಳದೆ ಇರಲಾರೆ.

ನಮ್ಮೂರಿಗೂ ಸಿಖ್ಖರಿಗೂ ಹಳೆಯ ನಂಟು. ಊರಲ್ಲಿ ನಾನಕ್ ಝೀರಾ ಗುರುದ್ವಾರ ಇದೆ. ಗುರು ನಾನಕರು ಬಂದಾಗ ಕಲ್ಲಿನಿಂದ ಸಿಹಿ ನೀರು ಚಿಮ್ಮಿತು ಅಂತ ನಂಬೋ ಜಾಗ. ಚಿಕ್ಕವರಿದ್ದಾಗ ಅಲ್ಲಿ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಹಾಕೋ ಉಚಿತ ಊಟದ ಸಾಲಿನಲ್ಲಿ, ಕೂತು ರೊಟ್ಟಿ, ದಾಲ್ ತಿಂದಿದ್ದೇವೆ. ಗುರು ಗೋಬಿಂದ್ ಸಿಂಗರ ಪಂಚ ಪ್ಯಾರೆಗಳಲ್ಲಿ, ಅಂದರೆ ಐವರು ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊರರಾಜ್ಯಗಳಿಂದ ಇಂಜಿನಿಯರಿಂಗ್ ಓದೋಕೆ ಬಂದ ಸಿಖ್ ಹುಡುಗರು ಊರಲ್ಲಿ ಬಹಳ ಇದ್ದರು. 1988ರ ಸೆಪ್ಟೆಂಬರಿನಲ್ಲಿ ಇದೇ ಊರಲ್ಲಿ ಗಲಭೆ ಆಗಿ ಸಿಖ್ ವಿದ್ಯಾರ್ಥಿಗಳನ್ನು ಕೊಂದರು. ಓದೋಕೆ ಬಂದ ಮಕ್ಕಳು. ನನ್ನ ನೆನಪಿನಲ್ಲಿ ಇರೋದು ಮುಚ್ಚಿದ ಶಾಲೆ, ಅಗಳಿ ಹಾಕಿದ ಬಾಗಿಲುಗಳು, ಅವ್ವ ನಮ್ಮನ್ನು ಮಾಳಿಗೆ ಹತ್ತಲೂ ಬಿಡದೆ ಒಳಗೇ ಕೂರಿಸಿದ್ದು, ದೊಡ್ಡವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದದ್ದು. ಅದಕ್ಕೆ ನಾಲ್ಕು ವರ್ಷ ಹಿಂದೆ, 1984ರಲ್ಲಿ ದಿಲ್ಲಿಯಲ್ಲಿ ಸಿಖ್ಖರ ಹತ್ಯಾಕಾಂಡ ಆದದ್ದು ಇಡೀ ದೇಶಕ್ಕೆ ಗೊತ್ತು. ಪಂಜಾಬಿನಲ್ಲಿ ಆಗ ಭಯೋತ್ಪಾದನೆ, 1987ರಿಂದ 1992ರವರೆಗೆ ರಾಷ್ಟ್ರಪತಿ ಆಳ್ವಿಕೆ. ಟಿವಿಯಲ್ಲಿ ಪೇಟ ಧರಿಸಿದ ಮುಖ ಕಂಡರೆ ಅದು ಸುದ್ದಿಯಲ್ಲಿ, ಒಳ್ಳೆಯ ಸುದ್ದಿಯಲ್ಲಿ ಅಲ್ಲ. ಇಲ್ಲದಿದ್ದರೆ 'ಹನ್ನೆರಡು ಗಂಟೆ' ಹೊಡೆದರೆ ಸರ್ದಾರರಿಗೆ ಬುದ್ಧಿ ಕೆಡುತ್ತೆ ಅನ್ನೋ ಆ ಕೆಟ್ಟ ಸರ್ದಾರ್ಜಿ ಜೋಕುಗಳಲ್ಲಿ.

ಅಂಥ ಕಾಲದಲ್ಲಿ, ನಮ್ಮೂರ ಗಲಭೆ ಆದ ಮುಂದಿನ ವರ್ಷವೇ, ಒಬ್ಬ ಸರ್ದಾರ್ ನಮ್ಮ ಪಡಸಾಲೆಗೆ ಬಂದು ಕೂತರು. ಅವರ ಮೇಲೆ ಯಾರೂ ಜೋಕು ಮಾಡುತ್ತಿರಲಿಲ್ಲ. ಅವರೇ ಇಡೀ ದೇಶದ ಮೇಲೆ ಜೋಕು ಮಾಡುತ್ತಿದ್ದರು, ಆ ಜೋಕಿನಲ್ಲಿ ಎಲ್ಲರಿಗಿಂತ ಬುದ್ಧಿವಂತರಾಗಿ ಕಾಣುತ್ತಿದ್ದರು. ನಮ್ಮ ಓಣಿಯ ಜನ, ಹಿಂದಿನ ವರ್ಷ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ಅದೇ ಜನ, ಬಾಗಿಲು ತೆಗೆದಿಟ್ಟುಕೊಂಡು ಅವರ ಮಾತಿಗೆ ನಗುತ್ತಿದ್ದರು. ನಮ್ಮ ಕಾಕಾ ಮಾಳಿಗೆ ಮೇಲೆ ಆಂಟೆನಾ ತಿರುಗಿಸುತ್ತಾ 'ಸರ್ದಾರ್ ಬಂದನೇನ್ರೋ?' ಅಂತ ಕೂಗುತ್ತಿದ್ದ. ನಾವು ಕೆಳಗಿಂದ 'ಬಂದ, ಬಂದ, ಅಲ್ಲೇ ನಿಲ್ಲು!' ಅಂತ ಕೂಗುತ್ತಿದ್ದೆವು. ಗಲಭೆಯಿಂದ ಆದ ಗಾಯ ಇದರಿಂದ ಮಾಯಿತು ಅಂತ ನಾನು ಹೇಳಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಟಿವಿ ಏನು ಮಾಡೀತು. ಆದರೆ ಹನ್ನೊಂದು ವರ್ಷದ ಹುಡುಗನ ತಲೆಯಲ್ಲಿ ಪೇಟ ಅಂದರೆ ಭಯ ಅನ್ನೋ ಜಾಗದಲ್ಲಿ ಆ ಶಾಂತ ಮುಖ ಬಂದು ಕೂತಿತು. ಅಷ್ಟನ್ನು ನಾನು ನನ್ನ ಅನುಭವದಿಂದ ಹೇಳಬಲ್ಲೆ.

'ಫ್ಲಾಪ್ ಶೋ' ನಂತರ 'ಫುಲ್ ಟೆನ್ಶನ್' ಅಂತ ದೂರದರ್ಶನದಲ್ಲೇ ಇನ್ನೊಂದು ಮಾಡಿದರು. 1999ರಲ್ಲಿ 'ಮಾಹೋಲ್ ಠೀಕ್ ಹೈ' ಅಂತ ಪಂಜಾಬಿ ಸಿನಿಮಾ, ಪಂಜಾಬ್ ಪೊಲೀಸರ ಮೇಲೆ. ವಾತಾವರಣ ಸರಿಯಾಗಿದೆ ಅಂತ ಅರ್ಥ. ಏನೇ ಆಗಿರಲಿ, ಎಲ್ಲ ಸರಿಯಾಗಿದೆ ಅಂತ ಮೇಲಕ್ಕೆ ವರದಿ ಕಳಿಸೋ ಪೊಲೀಸ್ ಭಾಷೆ ಅದು. ಅಷ್ಟು ವರ್ಷ ರಕ್ತ ನೋಡಿದ ರಾಜ್ಯದಲ್ಲಿ ಪೊಲೀಸರ ಮೇಲೆ ನಗೆ ಸಿನಿಮಾ ಮಾಡೋಕೆ ಎದೆಗಾರಿಕೆ ಬೇಕು.

ಆಮೇಲೆ ಖಾಸಗಿ ಚಾನೆಲ್ಲುಗಳ ಕಾಲ. ಅಲ್ಲೂ ಧಾರಾವಾಹಿ ಮಾಡಿದರು, ಹೆಂಡತಿ ಜೊತೆ ಡ್ಯಾನ್ಸ್ ಶೋದಲ್ಲೂ ಕುಣಿದರು, ಹಿಂದಿ ಸಿನಿಮಾಗಳಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದರು. ಆ ಪಾತ್ರಗಳಲ್ಲಿ ಅವರನ್ನು ನೋಡುವಾಗ ನನಗೆ ಬೇಜಾರಾಗುತ್ತಿತ್ತು. ಬರೆಯೋ ಕೈ, ಗಮನಿಸೋ ಕಣ್ಣು ಇದ್ದ ಮನುಷ್ಯನಿಂದ ಬೇರೆಯವರು ಬರೆದ ನಗೆ ಸರ್ದಾರ್ ಪಾತ್ರ ಮಾಡಿಸಿದರು. ಹೊಸ ಟಿವಿಗೆ ಕಿರುಚಾಟ ಬೇಕಿತ್ತು. ನಗೋಕೆ ಯಾವಾಗ ಅಂತ ಹೇಳಿಕೊಡೋ ಸೌಂಡ್ ಬೇಕಿತ್ತು. ಭಟ್ಟಿಯ ಶಕ್ತಿ ಇದ್ದದ್ದು ಮೆಲ್ಲಗೆ ಮಾತಾಡೋದರಲ್ಲಿ. ಅವರು ಸುಮ್ಮನಿದ್ದ ಎರಡು ಸೆಕೆಂಡಿನಲ್ಲೇ ಅರ್ಧ ನಗು ಇರುತ್ತಿತ್ತು.

ಹಾಗಂತ ಅವರು ಸುಮ್ಮನೆ ಕೂತವರಲ್ಲ. ಟಿವಿಯಲ್ಲಿ ಜಾಗ ಕಮ್ಮಿ ಆದಾಗಲೂ ಬೀದಿ ಬಿಡಲಿಲ್ಲ, ಕಾಲೇಜಿನ ದಿನಗಳ ಆ ನಾನ್‌ಸೆನ್ಸ್ ಕ್ಲಬ್ಬಿನ ಹೆಸರಿನಲ್ಲೇ ಚಂಡೀಗಢದಲ್ಲಿ ಏನಾದರೊಂದು ಮಾಡುತ್ತಲೇ ಇದ್ದರು. 'ಹವಾಲಾ ಪಾರ್ಟಿ' ಅಂತ ಒಂದು ಅಣಕು ಪಕ್ಷ ಕಟ್ಟಿದರು, ರಾಜಕಾರಣಿಗಳಿಗೆ ಕಳ್ಳದಾರಿಯಲ್ಲಿ ದುಡ್ಡು ಹೋಯಿತು ಅನ್ನೋ ಹವಾಲಾ ಹಗರಣ ಪತ್ರಿಕೆಗಳನ್ನು ತುಂಬಿದ್ದ ದಿನಗಳಲ್ಲಿ. ಮುಂದೆ 'ಸೂಟ್‌ಕೇಸ್ ಪಾರ್ಟಿ'. 2009ರಲ್ಲಿ ಜಗತ್ತಿನ ತುಂಬ ಆರ್ಥಿಕ ಹಿಂಜರಿತ ಅಂತ ಗೋಳು ಇದ್ದಾಗ 'ರಿಸೆಶನ್ ಪಾರ್ಟಿ'. ಅದೇ ವರ್ಷ ಚಂಡೀಗಢದ ಕಾರ್ನಿವಲ್‌ನಲ್ಲಿ ಒಂದು ಸ್ಟಾಲ್ ಹಾಕಿದ್ದರು. ನಮ್ಮ ಜಾತ್ರೆಗಳಲ್ಲಿ ರಿಂಗ್ ಎಸೆಯೋ ಆಟ ಇರುತ್ತಲ್ವಾ, ಸೋಪಿನ ಮೇಲೋ ಪೌಡರ್ ಡಬ್ಬಿ ಮೇಲೋ ರಿಂಗ್ ಬಿದ್ದರೆ ಅದು ನಿಮ್ಮದು. ಅಲ್ಲಿ ಭಟ್ಟಿ ಇಟ್ಟಿದ್ದು ತರಕಾರಿ, ಬೇಳೆ, ಎಣ್ಣೆ ಬಾಟಲಿ. ರಿಂಗ್ ಎಸೆಯಿರಿ, ಬಿದ್ದರೆ ಬೇಳೆ ಮನೆಗೆ ತಗೊಂಡು ಹೋಗಿ. ಬೆಲೆ ಏರಿಕೆ ಬಗ್ಗೆ ನೂರು ಭಾಷಣ ಕೇಳಿದ್ದೇನೆ, ಈ ಒಂದು ಸ್ಟಾಲಿನ ಹಾಗೆ ಯಾವುದೂ ತಲೆಯಲ್ಲಿ ಉಳಿದಿಲ್ಲ.

ಮೊಹಾಲಿಯಲ್ಲಿ ಮ್ಯಾಡ್ ಆರ್ಟ್ಸ್ ಅಂತ ಫಿಲ್ಮ್ ಶಾಲೆ ಶುರು ಮಾಡಿದ್ದರು. ವಿವೇಕ್ ಶೌಕ್ 2011ರ ಜನವರಿಯಲ್ಲಿ ತೀರಿಕೊಂಡರು. ಅದರ ಮುಂದಿನ ವರ್ಷ ಭಟ್ಟಿ 'ಪವರ್ ಕಟ್' ಅಂತ ಪಂಜಾಬಿ ಸಿನಿಮಾ ಮಾಡಿದರು. ಹೆಸರೇ ಹೇಳುವ ಹಾಗೆ ಕರೆಂಟ್ ಹೋಗೋದರ ಬಗ್ಗೆ. ಎಲೆಕ್ಟ್ರಿಕಲ್ ಇಂಜಿನಿಯರ್ ಓದಿದವರು ಕೊನೆಗೆ ಆ ವಿಷಯಕ್ಕೇ ಬಂದಿದ್ದರು. ಮಗ ಜಸ್‌ರಾಜ್ ಅದರಲ್ಲಿ ನಾಯಕ.

2012ರ ಅಕ್ಟೋಬರ್ 24 ವಿಜಯದಶಮಿ. ದಸರೆಗೆ ನಾನು ಬೀದರಿಗೆ ಬಂದಿದ್ದೆ. ಸಂಜೆ ಬನ್ನಿ ಹಂಚಿ, ದೊಡ್ಡವರ ಕಾಲು ಮುಟ್ಟಿ, 'ಬಂಗಾರದಂಗ ಇರೋಣು' ಅಂತ ಹೇಳಿ ಕೇಳಿ ರಾತ್ರಿ ಲೇಟಾಗಿ ಮಲಗಿದ್ದೆವು. ಬೆಳಿಗ್ಗೆ ಎದ್ದು ಟಿವಿ ಹಾಕಿದರೆ ಕೆಳಗೆ ಪಟ್ಟಿಯಲ್ಲಿ ಹೆಸರು ಓಡುತ್ತಿತ್ತು. ಸಿನಿಮಾ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದ ಅವರ ಕಾರು ಜಲಂಧರ್ ಜಿಲ್ಲೆಯ ಶಾಹಕೋಟ್ ಹತ್ತಿರ ನಸುಕಿನಲ್ಲಿ ಮರಕ್ಕೆ ಗುದ್ದಿತ್ತು. ಮಗ ಗಾಡಿ ಓಡಿಸುತ್ತಿದ್ದ. ಅವನು ಉಳಿದ, ಸಿನಿಮಾದ ನಾಯಕಿಯೂ ಗಾಯಗೊಂಡು ಉಳಿದರು. ಭಟ್ಟಿಗೆ 57 ವರ್ಷ. ಮರುದಿನ, ಅಕ್ಟೋಬರ್ 26ಕ್ಕೆ, 'ಪವರ್ ಕಟ್' ಬಿಡುಗಡೆ ಇತ್ತು. ಬಿಡುಗಡೆ ಆಯಿತು ಕೂಡ.

ಅಪ್ಪ ಟಿವಿ ಮುಂದೆ ನಿಂತೇ ಇದ್ದರು. ಹಲ್ಲುಜ್ಜೋ ಬ್ರಷ್ ಕೈಯಲ್ಲೇ ಇತ್ತು. 'ನಮ್ಮ ಆಫೀಸಿನಾಗ ಬಂದು ಕುಂತು ನೋಡಿದಂಗ ತೋರಿಸ್ತಿದ್ದ' ಅಂದರು. ಅಷ್ಟೇ ಹೇಳಿ ಹೊರಗೆ ಹೋದರು.

2013ರಲ್ಲಿ ಸರ್ಕಾರ ಪದ್ಮಭೂಷಣ ಕೊಟ್ಟಿತು, ತೀರಿಕೊಂಡ ಮೇಲೆ. ಹೆಂಡತಿ ಸವಿತಾ ಅವರನ್ನು 2014ರ ಲೋಕಸಭೆ ಚುನಾವಣೆಗೆ ಚಂಡೀಗಢದಿಂದ ನಿಲ್ಲಿಸೋಕೆ ಆಮ್ ಆದ್ಮಿ ಪಾರ್ಟಿ ಹೊರಟಿತ್ತು, ಹೆಸರೂ ಘೋಷಣೆ ಆಗಿತ್ತು. ಆಮೇಲೆ ಅವರೇ ಹಿಂದೆ ಸರಿದರು. ಆ ಜಾಗಕ್ಕೆ ನಟಿ ಗುಲ್ ಪನಾಗ್ ಬಂದರು.

ಈಗ ಬೇಸಿಗೆಯ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಎಪಿಸೋಡ್ ಮುಗಿದ ಮೇಲೆ ಅಪ್ಪ ಮೊಬೈಲನ್ನು ದಿಂಬಿನ ಮೇಲೆ ಇಟ್ಟರು. ನಾನು ಕೇಳಿಬಿಟ್ಟೆ.

'ಅಪ್ಪಾ, ಇದಕ್ಕ ಯಾಕ ನೀವು ಯಾವಾಗಲೂ ನಗಂಗಿಲ್ಲ?'

ಅಪ್ಪ ತುಂಬ ಹೊತ್ತು ಮೇಲಿನ ಫ್ಯಾನ್ ನೋಡುತ್ತಿದ್ದರು. ಆಮೇಲೆ ಹೇಳಿದರು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದವರು, 2004ರಲ್ಲಿ ರಿಟೈರ್ ಆದರು. ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಕೆಲವು ವರ್ಷ ಅಪ್ಪನದು ಬಿಲ್ಲಿನ ಟೇಬಲ್. ನೌಕರರ ಮೆಡಿಕಲ್ ಬಿಲ್ಲುಗಳು ಅವರ ಕೈ ದಾಟಿಯೇ ಖಜಾನೆಗೆ ಹೋಗಬೇಕು. ಅಂಗಡಿಯಿಂದ ಸೋಪು, ಪೇಸ್ಟು, ಮಕ್ಕಳ ಹಾಲಿನ ಪುಡಿ ಎಲ್ಲ ತಗೊಂಡು ಬಂದು ಔಷಧಿ ಅಂತ ಬಿಲ್ಲು ಮಾಡಿಸಿರುತ್ತಿದ್ದರಂತೆ. ಡಾಕ್ಟರ್ ಸಹಿ ಇರುತ್ತಿತ್ತು, ಸೀಲ್ ಇರುತ್ತಿತ್ತು. ಕಾಗದದಲ್ಲಿ ಯಾವ ತಪ್ಪೂ ಇಲ್ಲ. ಆದರೆ ಕಾಯಿಲೆ ಬಿದ್ದೋನು ದಿನಾ ಎದುರಿಗೇ ಕೂತು ಚಾ ಕುಡಿಯುತ್ತಿರುತ್ತಿದ್ದ. ಅಪ್ಪ ಗೊತ್ತಿದ್ದೂ ಗೊತ್ತಿದ್ದೂ ಇನಿಶಿಯಲ್ ಹಾಕಿ ಮುಂದಕ್ಕೆ ಕಳಿಸುತ್ತಿದ್ದರು.

'ಎಲ್ಲಾರೂ ಮಾಡ್ತಿದ್ರು' ಅಂದೆ. ಅಪ್ಪನನ್ನು ಸಮಾಧಾನ ಮಾಡೋ ಆಸೆ ನನ್ನದು.

'ನಾನೂ ಒಂದು ಹಾಕಿದ್ದೆ' ಅಂದರು ಅಪ್ಪ. 'ಮೂರು ನೂರಾ ನಲವತ್ತು ರೂಪಾಯಿದು. ಟಿವಿ ಕೆಳಗ ಸ್ಟೆಬಿಲೈಸರ್ ಇತ್ತಲ್ಲ, ಅದು ಆ ರೊಕ್ಕದ್ದು.'

ನನಗೆ ಆ ಸ್ಟೆಬಿಲೈಸರ್ ನೆನಪಾಯಿತು. ಕಂದು ಬಣ್ಣದ ತಗಡಿನ ಡಬ್ಬಿ. ಮುಂದೆ ಒಂದು ಮುಳ್ಳು, ಒಂದು ಕೆಂಪು ದೀಪ. ನಮ್ಮಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಅದು 'ಟಕ್ ಟಕ್' ಅಂತ ಸದ್ದು ಮಾಡುತ್ತಲೇ ಇರುತ್ತಿತ್ತು. ಅದರ ಮೇಲೆ ಅವ್ವ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ ಹಾಸಿರುತ್ತಿದ್ದಳು. 'ಫ್ಲಾಪ್ ಶೋ' ನಡೆಯುವಾಗ ಅಪ್ಪ ಕೂತಿದ್ದ ಜಾಗದಿಂದ ನೋಡಿದರೆ ಮೇಲೆ ಭಟ್ಟಿ, ಕೆಳಗೆ ಅದು.

'ಯಾರ ಹೆಸರಿಗಿ ಹಾಕಿದ್ರಿ?'

'ನಿಮ್ಮ ಅವ್ವನ ಹೆಸರಿಗಿ. ಟೈಫಾಯ್ಡ್ ಅಂತ ಬರಸಿದ್ದೆ.'

ಅವ್ವ ಒಳಗೆ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಅಪ್ಪನಿಗೆ ಕಿವಿ ಮಂದ, ಹಾಗಾಗಿ ಮಾತೂ ಜೋರು. ಮೊರದ ಸದ್ದು ನಿಂತಿತು.

'ನನಗ ಯಾವಾಗ ಟೈಫಾಯ್ಡ್ ಆಗಿತ್ತು?' ಅಂತ ಅವ್ವ ಅಲ್ಲಿಂದಲೇ ಕೇಳಿದಳು.

'ಆಗಿದ್ದಿಲ್ಲ' ಅಂದರು ಅಪ್ಪ.